ಅರವತ್ತು ಮತ್ತು ಅರಳು ಮರಳು

ಅರವತ್ತಕ್ಕೆ ಅರಳು ಮರಳು ಎಂಬ ಗಾದೆಯಷ್ಟು ನಮ್ಮ ಹಿರಿಯರಿಗೆ ಕೇಡು ಮಾಡಿದ ಮಾತು ಕನ್ನಡದಲ್ಲಿ ಮತ್ತೊಂದಿರಲಾರದೆಂದು ನಮಗೆ ಅನೇಕ ಸಲ ತೋರಿದೆ. ಮನೆಯ ಹಿರಿಯರು ಹೇಳಿದ್ದನ್ನೇ ಮತ್ತೆ ಮತ್ತೆ ಹೇಳತೊಡಗಿದರೆ, ಹಾಲಿನವನಿಗೆ ಒಮ್ಮೆ ಕೊಟ್ಟ ಹಣವನ್ನು ಮರೆತು ಮತ್ತೊಮ್ಮೆ ಕೊಡಹೋದರೆ, ಮೂವತ್ತು ವರ್ಷ ನಡೆದಾಡಿದ ಬೀದಿಯಲ್ಲಿಯೇ ದಾರಿ ತೋಚದೆ ನಿಂತರೆ, ಮನೆಮಂದಿ ನಕ್ಕು ಈ ಗಾದೆಯನ್ನಾಡಿ ಸುಮ್ಮನಾಗುತ್ತಾರೆ. ಮೊಣಕಾಲ ನೋವಿಗೆ ವೈದ್ಯರನ್ನು ಹುಡುಕಿಕೊಂಡು ಹೋಗುವವರು ಮರೆವಿಗೆ ಹೋಗುವುದಿಲ್ಲ. ಬುದ್ಧಿ ಮಂಕಾಗುವುದು ಕೂದಲು ನರೆಯುವಷ್ಟೇ ಸಹಜವೆಂದು ನಂಬಿದ ಮೇಲೆ ಹೋಗುವುದಾದರೂ ಏತಕ್ಕೆ?

ಆದರೆ ಗಾದೆ ಸುಳ್ಳು. 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನದ ಪ್ರಕಾರ, ನಮ್ಮ ದೇಶದಲ್ಲಿ ಅರವತ್ತು ದಾಟಿದವರ ಪೈಕಿ ಶೇಕಡಾ 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ, ವೈದ್ಯರು ಡಿಮೆನ್ಶಿಯಾ ಎಂದು ಕರೆಯುವ ಈ ವ್ಯಾಧಿಯಿದೆ. ಸಂಖ್ಯೆ ಸಣ್ಣದಲ್ಲ. ಆದರೂ ನೂರರಲ್ಲಿ ತೊಂಬತ್ತೆರಡು ಮಂದಿಗೆ ಅದು ಇಲ್ಲವೆಂಬುದನ್ನೂ ಇದೇ ಲೆಕ್ಕ ಹೇಳುತ್ತದೆ. ವಯಸ್ಸಿನ ಧರ್ಮವಾಗಿದ್ದರೆ ಎಲ್ಲರನ್ನೂ ಹಿಡಿಯಬೇಕಾಗಿತ್ತು. 1906ರಲ್ಲಿ ಜರ್ಮನಿಯ ವೈದ್ಯ ಅಲೋಯಿಸ್ ಆಲ್ಝೈಮರ್ ವರ್ಣಿಸಿದ ಮೊದಲ ರೋಗಿಯು ಆಸ್ಪತ್ರೆ ಸೇರಿದಾಗ ಆಕೆಗೆ ಐವತ್ತೊಂದೇ ವರ್ಷ. ಇದು ರೋಗ, ಮುಪ್ಪಲ್ಲ.

ರೋಗವೆಂದೊಪ್ಪಿದ ಕೂಡಲೇ ತಡೆಯುವ ಮಾತು ಬರುತ್ತದೆ. ‘ಲ್ಯಾನ್ಸೆಟ್’ ಪತ್ರಿಕೆಯು ನೇಮಿಸಿದ ತಜ್ಞರ ಮಂಡಲಿಯು 2024ರಲ್ಲಿ ಹೊರತಂದ ವರದಿಯಲ್ಲಿ ಹದಿನಾಲ್ಕು ಕಾರಣಗಳನ್ನು ಗುರುತಿಸಿ, ಅವುಗಳನ್ನೆಲ್ಲ ನಿವಾರಿಸಬಹುದಾದರೆ ಜಗತ್ತಿನ ಇಂತಹ ಪ್ರಕರಣಗಳಲ್ಲಿ ಸುಮಾರು ಶೇಕಡಾ 45ನ್ನು ತಡೆಯಬಹುದು ಇಲ್ಲವೆ ಮುಂದೂಡಬಹುದು ಎಂದಿದೆ. ರಕ್ತದೊತ್ತಡ, ಮಧುಮೇಹ, ಕೊಬ್ಬು, ಬೊಜ್ಜು, ಧೂಮಪಾನ, ಕುಡಿತ, ಮೈಬಗ್ಗಿಸದ ಬಾಳು ಇವೆಲ್ಲ ಆ ಪಟ್ಟಿಯಲ್ಲಿರುವುದು ಯಾರಿಗೂ ಆಶ್ಚರ್ಯವಲ್ಲ. ಆದರೆ ಕಿವಿ ಮಂದವಾಗುವುದು, ಕಣ್ಣು ಮಸಕಾಗುವುದು, ಬಾಲ್ಯದಲ್ಲಿ ವಿದ್ಯೆ ದೊರೆಯದಿರುವುದು, ಒಂಟಿತನ ಇವೂ ಅದರಲ್ಲಿವೆ. ಮುಂಬಯಿಗೆ ಹೋಟೆಲಿನ ಕೆಲಸಕ್ಕೆಂದು ಬಂದ ಹುಡುಗರನ್ನು ದುಡಿಮೆ ಮುಗಿದ ಮೇಲೆ ಕೂರಿಸಿಕೊಂಡು ಅಕ್ಷರ ಕಲಿಸಿದ ಕನ್ನಡ ರಾತ್ರಿಶಾಲೆಗಳು ಅವರಿಗೆ ಬರಿಯ ನೌಕರಿಯನ್ನಲ್ಲ, ಮುಪ್ಪಿನ ಬಂಡವಾಳವನ್ನೂ ಕೊಟ್ಟವೆಂದು ಈಗ ಹೇಳಬಹುದಾಗಿದೆ.

ಹೊರನಾಡಿನ ಕನ್ನಡಿಗರು ವಿಶೇಷವಾಗಿ ಲಕ್ಷಿಸಬೇಕಾದ ಇನ್ನೊಂದು ಸಂಗತಿಯಿದೆ. ಹೈದರಾಬಾದಿನ ನಿಜಾಮ್ಸ್ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 648 ಮಂದಿ ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದಕ್ಕಿಂತ ಹೆಚ್ಚು ಭಾಷೆಯಾಡುವವರಿಗೆ ಈ ರೋಗವು ಏಕಭಾಷಿಕರಿಗಿಂತ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಬಂದುದು ಕಂಡಿತು. ಓದುಬರಹ ಅರಿಯದವರಲ್ಲಿಯೂ ಹೀಗೆಯೇ ಕಂಡಿತೆಂಬುದು ಅದರ ಸ್ವಾರಸ್ಯ. ಬೇರೆಡೆಯ ಅಧ್ಯಯನಗಳೆಲ್ಲವೂ ಇದನ್ನೇ ಹೇಳಿಲ್ಲ. ಎರಡಕ್ಕಿಂತ ಹೆಚ್ಚು ಭಾಷೆಗಳಿಂದ ಇನ್ನೂ ಹೆಚ್ಚಿನ ಲಾಭ ಅಲ್ಲಿಯೂ ತೋರಲಿಲ್ಲವಾದ್ದರಿಂದ, ತಮಗೆ ಐದು ಭಾಷೆ ಬರುತ್ತದೆಂದು ಹಿಗ್ಗುವ ನಮ್ಮ ಮಿತ್ರರು ಸ್ವಲ್ಪ ತಾಳಬೇಕು. ಆದರೂ ಮನೆಯಲ್ಲಿ ಕನ್ನಡ ಅಥವಾ ತುಳು, ಬೀದಿಯಲ್ಲಿ ಮರಾಠಿ ಎಂಬ ನಮ್ಮ ದಿನಚರಿಯನ್ನು ಹೊರೆಯೆಂದು ಬಗೆದು ಮಕ್ಕಳಿಗೆ ತಾಯ್ನುಡಿಯನ್ನು ಬಿಡಿಸುವ ತಂದೆತಾಯಿಗಳು ಇದನ್ನು ಓದಬೇಕು.

ಇನ್ನು ಆಹಾರದ ಮಾತು. ಮಿದುಳು ದೇಹದ ತೂಕದಲ್ಲಿ ಐವತ್ತರಲ್ಲಿ ಒಂದು ಪಾಲು. ಆದರೆ ದೇಹವು ವ್ಯಯಿಸುವ ಶಕ್ತಿಯಲ್ಲಿ ಐದರಲ್ಲೊಂದು ಪಾಲನ್ನು ಅದೊಂದೇ ಬೇಡುತ್ತದೆ. ಆ ಶಕ್ತಿಯನ್ನು ಹೊತ್ತೊಯ್ಯುವ ರಕ್ತನಾಳಗಳು ಕೆಟ್ಟರೆ ಮಿದುಳೂ ಕೆಡುತ್ತದೆ. ಹೃದಯಕ್ಕೆ ಹಿತವಾದುದು ಮಿದುಳಿಗೂ ಹಿತವೆಂಬುದರ ಗುಟ್ಟು ಇದೇ. ಹೀಗಿರುವಲ್ಲಿ ಪರದೇಶದ ದುಬಾರಿ ಕಾಯಿಬೀಜಗಳಿಗೆ ಹಣ ಸುರಿಯಬೇಕಾದ ಅಗತ್ಯವೇನೂ ಇಲ್ಲ. ಕರಾವಳಿಯವರ ಬೂತಾಯಿ ಬಂಗುಡೆಗಳಲ್ಲಿ, ಬಡಗಣವರ ಅಗಸಿ ಚಟ್ನಿಯಲ್ಲಿ ಒಳ್ಳೆಯ ಕೊಬ್ಬಿದೆ. ರಾಗಿ, ಜೋಳ, ಹುರುಳಿ, ಹರಿವೆ, ಬಸಳೆ, ಮೆಂತ್ಯದ ಸೊಪ್ಪು ಇವನ್ನು ನಮ್ಮ ತಾಯಂದಿರು ಯಾವ ಪಂಡಿತರ ಅಪ್ಪಣೆಯನ್ನೂ ಕಾಯದೆ ಉಣಿಸುತ್ತಿದ್ದರು. ಊರಿನಿಂದ ನಗರಕ್ಕೆ ಬಂದಾಗ ನಾವು ತಂದುದು ಅನ್ನ, ಉಪ್ಪಿನಕಾಯಿ ಮತ್ತು ಹಪ್ಪಳಗಳನ್ನು. ಬಿಟ್ಟುಬಂದುದು ಹಿತ್ತಿಲ ಸೊಪ್ಪನ್ನು. ಅದರ ಮೇಲೆ ಇಲ್ಲಿಯ ವಡಾಪಾವ್, ಫರಸಾಣಗಳು ಬಂದು ಕುಳಿತವು. ಒಬ್ಬರಿಗೆ ದಿನಕ್ಕೆ ಐದು ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಅದು ಒಂದು ಚಹಾ ಚಮಚೆಯಷ್ಟು. ಮಿಡಿ ಉಪ್ಪಿನಕಾಯಿಯ ಭರಣಿಯ ಮುಂದೆ ಈ ಅಳತೆ ನಿಲ್ಲುವುದು ಕಷ್ಟವೆಂಬುದನ್ನು ನಾವು ಅನುಭವದಿಂದಲೇ ಬಲ್ಲೆವು.

ಆಹಾರವೊಂದರಿಂದಲೇ ಬುದ್ಧಿ ಉಳಿಯುವುದೆಂದು ಸಾರುವವರನ್ನು ನಾವು ನಂಬಲಾರೆವು. ಮಿದುಳಿಗೆಂದೇ ರೂಪಿಸಿದ ‘ಮೈಂಡ್’ ಎಂಬ ಪಥ್ಯವನ್ನು ಅಮೆರಿಕದಲ್ಲಿ 604 ಮಂದಿಯ ಮೇಲೆ ಮೂರು ವರ್ಷ ಪರೀಕ್ಷಿಸಿದಾಗ, ಸಾಧಾರಣ ಆಹಾರವನ್ನೇ ತುಸು ಮಿತವಾಗಿ ಉಂಡವರಿಗಿಂತ ಅವರು ಮುಂದಿರಲಿಲ್ಲವೆಂದು 2023ರಲ್ಲಿ ತಿಳಿಯಿತು. ಒಂದೆಲಗದ ತಂಬುಳಿ ಊಟಕ್ಕೆ ಸೊಗಸು; ಮರೆವಿನ ರೋಗವನ್ನು ಅದು ತಡೆಯುವುದೆಂಬುದಕ್ಕೆ ದೊಡ್ಡ ಪ್ರಯೋಗಗಳ ಆಧಾರವಿಲ್ಲ. ಅದಕ್ಕೆ ಬದಲು ಫಿನ್ಲೆಂಡಿನಲ್ಲಿ 1,260 ಮಂದಿ ವೃದ್ಧರಿಗೆ ಹದವಾದ ಊಟ, ವ್ಯಾಯಾಮ, ಬುದ್ಧಿಗೆ ಕೆಲಸ, ರಕ್ತದೊತ್ತಡಾದಿಗಳ ಮೇಲ್ವಿಚಾರಣೆ ಇವೆಲ್ಲವನ್ನೂ ಒಟ್ಟಾಗಿ ಎರಡು ವರ್ಷ ನಡೆಸಿದಾಗ ಗುಣ ಕಂಡಿತು. ಇದು 2015ರಲ್ಲಿ ಪ್ರಕಟವಾಯಿತು.

ಒಂದು ಕೊರತೆಯನ್ನು ಮಾತ್ರ ಪ್ರತ್ಯೇಕವಾಗಿ ಹೇಳಲೇಬೇಕು. ಬಿ-12 ಎಂಬ ಜೀವಸತ್ವವು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸಗಳಲ್ಲಿದೆ, ಸೊಪ್ಪು ಕಾಳುಗಳಲ್ಲಿಲ್ಲ. ಹಾಲು ಕಡಿಮೆ ಮಾಡಿದ ಶಾಕಾಹಾರಿ ವೃದ್ಧರಲ್ಲಿ, ಮಧುಮೇಹಕ್ಕಾಗಿ ಮೆಟ್‌ಫಾರ್ಮಿನ್ ಗುಳಿಗೆಯನ್ನು ಬಹುಕಾಲ ಸೇವಿಸಿದವರಲ್ಲಿ ಇದು ಕುಗ್ಗಬಹುದು. ಕುಗ್ಗಿದರೆ ಮರೆವು, ಕೈಕಾಲು ಜೋಮು, ಮಂಕು ಬರಬಹುದು. ಥೈರಾಯ್ಡ್ ಗ್ರಂಥಿ ಸೋತಾಗಲೂ ಹೀಗೆಯೇ. ಇವೆರಡನ್ನೂ ರಕ್ತಪರೀಕ್ಷೆಯಿಂದ ತಿಳಿದು, ಬೇಗನೆ ಹಿಡಿದರೆ ಸಾಮಾನ್ಯವಾಗಿ ಗುಣಪಡಿಸಬಹುದು. ಗಾದೆಯನ್ನಾಡಿ ನಕ್ಕ ಮನೆಯಲ್ಲಿ ಗುಣವಾಗಬಹುದಾದ ಮರೆವೂ ಗುಣವಾಗದೆ ಉಳಿಯುತ್ತದೆ. ಈ ಗಾದೆಯ ಮೇಲೆ ನಮಗಿರುವ ಕೋಪಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಊರಿನಲ್ಲಿ ಒಬ್ಬರೇ ಉಳಿದ ತಾಯಿಯನ್ನು ಮಗನು ಕರ್ತವ್ಯವೆಂದು ಡೊಂಬಿವಲಿಗೋ ಪಿಂಪ್ರಿಗೋ ಕರೆತರುತ್ತಾನೆ. ಅಲ್ಲಿ ಆಕೆ ತೆಂಗಿನ ಬುಡಕ್ಕೆ ನೀರು ಹಾಕುತ್ತಿದ್ದಳು, ಗುಡಿಗೆ ನಡೆದುಹೋಗುತ್ತಿದ್ದಳು, ದಿನಕ್ಕೆ ಹತ್ತು ಜನರೊಡನೆ ಮಾತಾಡುತ್ತಿದ್ದಳು. ಇಲ್ಲಿ ನಾಲ್ಕನೆಯ ಮಾಳಿಗೆಯ ಕೋಣೆಯಲ್ಲಿ, ಬೆಳಿಗ್ಗೆ ಎಂಟಕ್ಕೆ ಮುಚ್ಚಿದ ಬಾಗಿಲು ಸಂಜೆ ಏಳಕ್ಕೆ ತೆರೆಯುವವರೆಗೆ, ಆಕೆಗೆ ಅರ್ಥವಾಗುವ ಒಂದು ಮಾತೂ ಕಿವಿಗೆ ಬೀಳುವುದಿಲ್ಲ. ಅನ್ನಕ್ಕೆ ಕೊರತೆಯಿಲ್ಲ, ಔಷಧಕ್ಕೆ ಕೊರತೆಯಿಲ್ಲ. ಆದರೂ ವರ್ಷದೊಳಗೆ ಆಕೆ ಮಂಕಾಗುತ್ತಾಳೆ. ಮಗನನ್ನು ದೂರಲು ಇದನ್ನು ಬರೆಯುತ್ತಿಲ್ಲ. ಆತನಿಗೆ ಬೇರೆ ದಾರಿಯಿರಲಿಲ್ಲ. ಏನೆಲ್ಲ ಜಾಗ್ರತೆ ವಹಿಸಿದರೂ ರೋಗ ಬರುವವರಿಗೆ ಬರುತ್ತದೆ; ಅವರನ್ನಾಗಲಿ ಅವರ ಆರೈಕೆಯಲ್ಲಿ ಸವೆಯುವ ಸೊಸೆಯರನ್ನಾಗಲಿ ತಪ್ಪಿತಸ್ಥರೆನ್ನುವುದು ಕ್ರೌರ್ಯ. ಆದರೆ ಪಕ್ಕದ ಕಟ್ಟಡದಲ್ಲಿ ಇಂತಹದೇ ಇನ್ನೊಬ್ಬ ತಾಯಿ ಇದ್ದರೂ ಇಬ್ಬರಿಗೂ ಪರಸ್ಪರ ತಿಳಿಯದಿರುವುದಕ್ಕೆ ನಾವೆಲ್ಲರೂ ಹೊಣೆ.

ಮಗನೂ ಪುಟ ತಿರುಗಿಸಬಾರದು. ಮಿದುಳಿನ ಹಾನಿಗೆ ನಡುವಯಸ್ಸಿನಲ್ಲಿಯೇ ಅಸ್ತಿಭಾರ ಬೀಳುತ್ತದೆ. ಹೋಟೆಲಿನ ಗಲ್ಲೆಯ ಮೇಲೆ ಹದಿನಾಲ್ಕು ಗಂಟೆ ಕುಳಿತಿರುವ ಮಾಲಿಕರು ನಲವತ್ತೈದರಲ್ಲಿಯೇ ರಕ್ತದೊತ್ತಡವನ್ನು ಅಳೆಯಿಸಿಕೊಳ್ಳುವುದು ಒಳಿತು. ಒತ್ತಡವನ್ನು ಹೆಚ್ಚು ಬಿಗಿಯಾಗಿ ಹತೋಟಿಯಲ್ಲಿಟ್ಟವರಲ್ಲಿ ಮರೆವಿನ ಮೊದಲ ಹಂತವು ಕಡಿಮೆಯಾಗಿ ಕಂಡುಬಂದಿತೆಂದು 2019ರ ಅಮೆರಿಕದ ಪ್ರಯೋಗವೊಂದು ತಿಳಿಸಿದೆ.

ಕಿವಿಯ ವಿಷಯದಲ್ಲಿ ನಮ್ಮವರಿಗೆ ವಿಚಿತ್ರವಾದ ನಾಚಿಕೆಯಿದೆ. ಕನ್ನಡಕ ಗೌರವದ ಗುರುತು, ಶ್ರವಣಯಂತ್ರ ಅವಮಾನ! ಆದರೆ 2023ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಅಪಾಯದ ಲಕ್ಷಣಗಳು ಹೆಚ್ಚಾಗಿದ್ದ ವೃದ್ಧರು ಯಂತ್ರ ಧರಿಸಿದಾಗ ಮೂರು ವರ್ಷಗಳಲ್ಲಿ ಅವರ ಬುದ್ಧಿಶಕ್ತಿಯ ಇಳಿಕೆಯ ವೇಗ ಸುಮಾರು ಅರ್ಧಕ್ಕಿಳಿಯಿತು. ಆರೋಗ್ಯವಂತರಲ್ಲಿ ಅಂತಹ ವ್ಯತ್ಯಾಸ ತೋರಲಿಲ್ಲ. ಮಾತು ಕೇಳಿಸದವನು ಮೆಲ್ಲಗೆ ಮಾತುಕತೆಯಿಂದಲೇ ಹಿಂದೆ ಸರಿಯುತ್ತಾನೆಂಬುದಕ್ಕೆ ಪರೀಕ್ಷೆಯೂ ಬೇಕಾಗಿಲ್ಲ.

ಆದುದರಿಂದ ನಮ್ಮ ಸಂಘಗಳಿಗೆ ಒಂದು ಸೂಚನೆ. ನವೆಂಬರದ ರಾಜ್ಯೋತ್ಸವದಲ್ಲಿ ಹಿರಿಯರಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಛಾಯಾಚಿತ್ರ ತೆಗೆಸಿ ಮನೆಗೆ ಕಳುಹಿಸುವುದು ವಾಡಿಕೆ. ಹಾರ ತುರಾಯಿಗಳ ಅರ್ಧ ಖರ್ಚಿನಲ್ಲಿ ಕಿವಿ, ಕಣ್ಣು, ರಕ್ತದೊತ್ತಡ, ಸಕ್ಕರೆಗಳನ್ನು ಪರೀಕ್ಷಿಸುವ ಶಿಬಿರವನ್ನು ಅದೇ ದಿನ ನಡೆಸಬಹುದು. ಬಂದವರ ಹೆಸರು ವಿಳಾಸಗಳನ್ನು ಬರೆದಿಟ್ಟುಕೊಂಡರೆ, ಯಾವ ಕಟ್ಟಡದ ತಾಯಿಗೆ ಯಾವ ಕಟ್ಟಡದ ತಾಯಿ ಹತ್ತಿರವೆಂಬುದೂ ತಿಳಿದೀತು. ಸಭಾಗೃಹದ ಬಾಡಿಗೆಯನ್ನು ಹೇಗೂ ಇಡೀ ದಿನಕ್ಕೆ ತೆತ್ತಿರುತ್ತೇವೆ. ಸಾಯಂಕಾಲದ ಯಕ್ಷಗಾನದವರೆಗೆ ಅದು ಬರಿದಾಗಿಯೇ ಇರುತ್ತದೆ.