ಮೈ ಇಳಿಯಿತು, ಮನಸ್ಸೇಕೆ ಕುಗ್ಗಿತು?

ಬದಲಾಪುರದಿಂದ ಬೆಳಗಿನ ಲೋಕಲ್ ಹಿಡಿದು ಮುಂಬಯಿಯ ಹೋಟೆಲುಗಳಿಗೆ ಹೋಗಿ, ನಡುರಾತ್ರಿ ಮನೆಗೆ ಬಂದು ಉಂಡು ಮಲಗುವ ನಮ್ಮ ಬಂಧುಗಳಿಗೆ ಬೊಜ್ಜು, ಸಕ್ಕರೆ ಕಾಯಿಲೆ, ಕೊಲೆಸ್ಟರಾಲ್ ಅಂಟಿಕೊಳ್ಳುವುದು ಆಶ್ಚರ್ಯವಲ್ಲ. 1982ರ ಮುಷ್ಕರದ ಬಳಿಕ ಗಿರಣಿ ಕಳೆದುಕೊಂಡು ಕಾವಲು ಕೆಲಸಕ್ಕೆ ಕುಳಿತವರ ಪಾಡೂ ಇದೇ. ಇವರಲ್ಲಿ ಕೆಲವರು ಸಾಲಸೋಲ ಮಾಡಿ ಜಠರ ಕಿರಿದುಗೊಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವುದುಂಟು.

ಮೈ ಇಳಿದಾಗ ಎಲ್ಲರೂ ಹೊಗಳುತ್ತಾರೆ. ವರ್ಷ ಕಳೆದ ಮೇಲೆ ಅದೇ ಮನುಷ್ಯ ಮಾತು ಬಿಟ್ಟು ಮೂಲೆ ಹಿಡಿದರೆ ಕೇಳುವವರಿಲ್ಲ. ‘ಕೊಲೆಸ್ಟರಾಲ್ ಗುಳಿಗೆಯೇ ತಲೆ ಕೆಡಿಸಿತು’ ಎಂದು ಯಾರೋ ಹೇಳುತ್ತಾರೆ. ಮರುದಿನದಿಂದ ಗುಳಿಗೆ ನಿಲ್ಲುತ್ತದೆ. ಈ ಆತುರ ಪ್ರಾಣಕ್ಕೆ ಎರವಾದೀತೆಂದು ನಾವು ಎಚ್ಚರಿಸಬಯಸುತ್ತೇವೆ.

ಸ್ಟ್ಯಾಟಿನ್ ಎಂಬ ಈ ಗುಳಿಗೆಗಳ ಮೂಲವನ್ನು ಜಪಾನಿನ ವಿಜ್ಞಾನಿ ಅಕಿರಾ ಎಂಡೊ 1970ರ ದಶಕದಲ್ಲಿ ಬೂಷ್ಟಿನಲ್ಲಿ ಕಂಡುಹಿಡಿದರು. 1987ರಲ್ಲಿ ಅಮೆರಿಕದಲ್ಲಿ ಇಂಥ ಮೊದಲ ಗುಳಿಗೆಗೆ ಪರವಾನಿಗೆ ದೊರೆಯಿತು. ಯಕೃತ್ತು ಕೊಲೆಸ್ಟರಾಲ್ ತಯಾರಿಸುವುದನ್ನು ತಗ್ಗಿಸಿ ಇವು ಹೃದಯಾಘಾತ, ಪಾರ್ಶ್ವವಾಯುಗಳ ಅಪಾಯವನ್ನು ಕಡಿಮೆ ಮಾಡುತ್ತವೆ. ಕೊಲೆಸ್ಟರಾಲ್ ಇಳಿದರೆ ಮನಸ್ಸು ಕುಗ್ಗೀತೆಂಬ ಶಂಕೆ ಹಿಂದೆ ವೈದ್ಯರಲ್ಲಿಯೂ ಇತ್ತು. ಸಾವಿರಾರು ಜನರ ಮೇಲೆ ನಡೆದ ಪರೀಕ್ಷೆಗಳು ಅದನ್ನು ಎತ್ತಿಹಿಡಿಯಲಿಲ್ಲ. ಶಸ್ತ್ರಚಿಕಿತ್ಸೆಯ ನಂತರ ಕೊಲೆಸ್ಟರಾಲ್ ತಾನಾಗಿಯೇ ಇಳಿದು ಗುಳಿಗೆ ಬೇಡವಾಗುವುದೂ ಉಂಟು. ಆದರೆ ಅದನ್ನು ರಕ್ತ ಪರೀಕ್ಷಿಸಿ ವೈದ್ಯರು ನಿರ್ಧರಿಸತಕ್ಕದ್ದು, ಪಕ್ಕದ ಖೋಲಿಯವರಲ್ಲ.

ಹಾಗಾದರೆ ಮನಸ್ಸು ಕುಗ್ಗುವುದೇಕೆ? ಶಸ್ತ್ರಚಿಕಿತ್ಸೆಯ ಬಳಿಕ ಮೊದಲ ವರ್ಷ ಅನೇಕರ ಮನಸ್ಸು ಹಗುರಾಗುತ್ತದೆ. ಮುಂದೆ ಕೆಲವರಲ್ಲಿ ಖಿನ್ನತೆ ಮರಳುತ್ತದೆ. ಬಿ-12, ಥಯಾಮಿನ್, ಕಬ್ಬಿಣಗಳ ಕೊರತೆಯಾಗಬಹುದು. ಕರುಳಿನ ದಾರಿ ಬದಲಿಸಿದವರಿಗೆ ಖಿನ್ನತೆಯ ಔಷಧ ಮೊದಲಿನಷ್ಟು ಮೈಗೆ ಹತ್ತದಿರಬಹುದು. ಮದ್ಯ ಮಾತ್ರ ಬೇಗ ತಲೆಗೇರುತ್ತದೆ. ನಾಲ್ವರೊಡನೆ ಕುಳಿತು ಉಣ್ಣುವ ಸುಖ ತಪ್ಪುತ್ತದೆ. ತೂಕ ಮತ್ತೆ ಏರಿದರೆ ನಾಚಿಕೆ ಬೇರೆ. ಇಂಥವರಲ್ಲಿ ಆತ್ಮಹತ್ಯೆಯ ಅಪಾಯ ಹೆಚ್ಚೆಂದು ವಿದೇಶಗಳ ಅಧ್ಯಯನಗಳು ತೋರಿಸಿವೆ.

‘ದುಡಿದು ತಿನ್ನುವವನಿಗೆ ಮನಸ್ಸಿನ ಕಾಯಿಲೆ ಎಂಥದು?’ ಎನ್ನುವವರು ನಮ್ಮಲ್ಲಿದ್ದಾರೆ. ಕೈಗೆ ಕುದಿಯುವ ಎಣ್ಣೆ ಸಿಡಿದ ಅಡಿಗೆಭಟ್ಟರಿಗೆ ಯಾರಾದರೂ ಹೀಗೆ ಹೇಳುವರೆ?

ನಮ್ಮ ಬೇಡಿಕೆ ದೊಡ್ಡದಲ್ಲ. ಶಸ್ತ್ರಚಿಕಿತ್ಸೆಗೆ ಹಣ ಎಣಿಸಿಕೊಳ್ಳುವ ಆಸ್ಪತ್ರೆಗಳು ಮುಂದಿನ ವರ್ಷಗಳ ತಪಾಸಣೆ, ಅದರ ಖರ್ಚು, ಮನಸ್ಸಿನ ಆರೈಕೆ ಇವನ್ನೆಲ್ಲ ರೋಗಿಗೆ ತಿಳಿಯುವ ಭಾಷೆಯಲ್ಲಿ ಮೊದಲೇ ಹೇಳಲಿ. ಮಾಲಿಕರು ತಪಾಸಣೆಯ ದಿನ ಸಂಬಳ ಕಡಿಯದೆ ರಜೆ ಕೊಡಲಿ. ಕೇಂದ್ರ ಸರಕಾರ 2022ರ ಅಕ್ಟೋಬರದಲ್ಲಿ ಆರಂಭಿಸಿದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಯನ್ನು ಪ್ರತಿಯೊಂದು ಹೋಟೆಲಿನ ಗೋಡೆಗೆ ಅಂಟಿಸಲಿ. ಅದಕ್ಕೆ ಕರೆಮಾಡಲು ಶುಲ್ಕವಿಲ್ಲ, ಕನ್ನಡದಲ್ಲಿಯೂ ಮಾತಾಡಬಹುದು.

ಉಳಿದದ್ದು ನಮ್ಮ ಕೈಯಲ್ಲಿದೆ. ಜೊತೆಯವನು ಮಂಕಾದರೆ ‘ಎಷ್ಟು ಕಿಲೊ ಇಳಿದೆ?’ ಎಂದು ಕೇಳುವುದನ್ನು ಬಿಟ್ಟು ‘ಹೇಗಿದ್ದೀಯಪ್ಪಾ?’ ಎಂದು ಕೇಳೋಣ. ಅಗತ್ಯ ಬಿದ್ದರೆ ವೈದ್ಯರ ಬಳಿಗೆ ಜೊತೆಯಾಗಿ ಹೋಗೋಣ. ಸಂಘವೆಂದರೆ ಚಂದಾ ರಸೀದಿ ಮಾತ್ರವಲ್ಲ.