ಅಂಚೆ ವೆಚ್ಚ ಪ್ರತ್ಯೇಕ: ಎಷ್ಟು, ಏಕೆ?

ಕನ್ನಡ ಪುಸ್ತಕಗಳ ಬೆಲೆಪಟ್ಟಿಯ ಕೊನೆಯಲ್ಲಿ 'ಅಂಚೆ ವೆಚ್ಚ ಪ್ರತ್ಯೇಕ' ಎಂಬ ಸಾಲನ್ನು ಕಾಣುವುದು ಹಿಂದೆ ವಾಡಿಕೆಯಾಗಿತ್ತು. ಇಂದು ಪುಸ್ತಕದಂಗಡಿ ಮೊಬೈಲಿನೊಳಗೇ ಬಂದಿದೆ. ಧಾರವಾಡದ ಪ್ರಕಾಶಕರ ಪುಸ್ತಕವನ್ನು ಬದಿಯಡ್ಕದಲ್ಲೋ ಮುಳ್ಳೇರಿಯದಲ್ಲೋ ಕುಳಿತು ತರಿಸಬಹುದು. ಆದರೆ 120 ರೂಪಾಯಿಯ ಪುಸ್ತಕಕ್ಕೆ 60 ರೂಪಾಯಿ ಸಾಗಾಟ ವೆಚ್ಚವೆಂದು ಹಣ ಕಟ್ಟುವ ಹೊತ್ತಿಗೆ ಕಂಡರೆ, ನಮ್ಮಲ್ಲಿ ಹಲವರು ಪುಸ್ತಕವನ್ನು ಅಲ್ಲಿಗೇ ಬಿಟ್ಟುಬಿಡುತ್ತೇವೆ. ಮಾರುವವನ ಮೇಲೆ ಸಂಶಯ ಉಳಿಯುತ್ತದೆ. ಓದಬೇಕಾದ ಪುಸ್ತಕ ಓದದೆ ಉಳಿಯುತ್ತದೆ.

ಈ 60 ರೂಪಾಯಿ ಎಲ್ಲಿಗೆ ಹೋಗುತ್ತದೆಂಬುದನ್ನು ಗ್ರಾಹಕರಿಗೆ ತಿಳಿಸುವವರು ಕಡಿಮೆ. ರಟ್ಟಿನ ಪೆಟ್ಟಿಗೆ, ಅಂಟುಪಟ್ಟಿ, ಕಟ್ಟುವವನ ಕೂಲಿ, ಬಳಿಕ ಸಾಗಾಟದ ದರ. ಖಾಸಗಿ ಕೊರಿಯರಿನವರು ತೂಕವನ್ನಷ್ಟೇ ಅಲ್ಲ, ಗಾತ್ರವನ್ನೂ ಅಳೆಯುತ್ತಾರೆ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸುವುದು ಸಾಮಾನ್ಯ ಕ್ರಮ. 30, 20, 10 ಸೆಂಟಿಮೀಟರಿನ ಪೆಟ್ಟಿಗೆಯೊಳಗೆ ಅರ್ಧ ಕಿಲೋ ಪುಸ್ತಕವಿದ್ದರೂ ಲೆಕ್ಕಕ್ಕೆ ಅದು 1.2 ಕಿಲೋ! ಮುದ್ರಿತ ಪುಸ್ತಕಕ್ಕೆ ಜಿ.ಎಸ್.ಟಿ. ಇಲ್ಲ, ಅದನ್ನು ಹೊತ್ತು ತರುವ ಕೊರಿಯರಿಗೆ ಶೇಕಡಾ 18 ಇದೆ.

'ಉಚಿತ ಸಾಗಾಟ' ಎಂಬ ಮಾತು ನಮ್ಮನ್ನು ಕೆಡಿಸಿದೆ ಎನ್ನದೆ ವಿಧಿಯಿಲ್ಲ. ಯಾವ ಲಾರಿಯೂ ಉಚಿತವಾಗಿ ಓಡುವುದಿಲ್ಲ. ದೊಡ್ಡ ವ್ಯಾಪಾರಿ ಆ ವೆಚ್ಚವನ್ನು ಬೇರೆ ಸಾಮಾನಿನ ಲಾಭದಲ್ಲಿ ತುಂಬಿಕೊಳ್ಳಬಲ್ಲ. ಐನೂರು ಪ್ರತಿ ಅಚ್ಚು ಹಾಕಿಸುವ ಕನ್ನಡ ಪ್ರಕಾಶಕನಿಗೆ ಆ ದಾರಿಯಿಲ್ಲ.

ಹಾಗೆಂದು ಮಾರಾಟಗಾರರ ಹೊಣೆ ತೀರಿತೆಂದಲ್ಲ. ಸಾಗಾಟ ವೆಚ್ಚವನ್ನು ಬಿಡಿಸಿ ತೋರಿಸಿ ಒಟ್ಟು ಬೆಲೆಯನ್ನು ತಿಳಿಸಬೇಕೆಂದು 2020ರ ಇ-ವಾಣಿಜ್ಯ ನಿಯಮಗಳು ಹೇಳುತ್ತವೆ. ಮೊದಲು ಕಡಿಮೆ ಬೆಲೆ ತೋರಿಸಿ ಕೊನೆಗೆ ಒಂದೊಂದಾಗಿ ಏರಿಸುವುದನ್ನು 2023ರ ಕೇಂದ್ರ ಮಾರ್ಗಸೂಚಿ ಗ್ರಾಹಕರನ್ನು ದಾರಿ ತಪ್ಪಿಸುವ ತಂತ್ರಗಳ ಸಾಲಿಗೆ ಸೇರಿಸಿದೆ. ಪುಸ್ತಕದ ಬೆಲೆಯ ಪಕ್ಕದಲ್ಲೇ ಅದರ ತೂಕವನ್ನೂ ಕಾಸರಗೋಡಿಗೆ ತಗಲುವ ವೆಚ್ಚವನ್ನೂ ಬರೆದರೆ ಅರ್ಧ ಜಗಳ ಮುಗಿಯಿತು.

ಗಡಿನಾಡಿನವರಾದ ನಮಗೆ ಇನ್ನೊಂದು ತೊಡಕಿದೆ. ಕೆಲವು ಕೊರಿಯರುಗಳಲ್ಲಿ ರಾಜ್ಯದೊಳಗೆ ಒಂದು ದರ, ಹೊರರಾಜ್ಯಕ್ಕೆ ಇನ್ನೊಂದು. ಮಂಗಳೂರಿನಿಂದ ಕಾಸರಗೋಡಿಗೆ ಸುಮಾರು 50 ಕಿಲೋಮೀಟರು. ಆದರೂ ಬೀದರಿಗೆ ಹೋಗುವ ಪುಸ್ತಕ ಒಳನಾಡಿನದು, ತಲಪಾಡಿ ದಾಟುವ ಪುಸ್ತಕ ಪರನಾಡಿನದು!

ಹಿಂದೆ ಈ ಭಾರವನ್ನು ಹಗುರ ಮಾಡುತ್ತಿದ್ದುದು ಅಂಚೆ ಇಲಾಖೆ. ರಿಜಿಸ್ಟರ್ಡ್ ಬುಕ್ ಪೋಸ್ಟಿನಲ್ಲಿ 5 ಕಿಲೋ ಪುಸ್ತಕ 80 ರೂಪಾಯಿಗೆ ಹೋಗುತ್ತಿತ್ತು. 2024ರ ಡಿಸೆಂಬರ್ 18ರಂದು ಆ ಸೇವೆಯನ್ನು ಹಠಾತ್ತನೆ ನಿಲ್ಲಿಸಲಾಯಿತು. 2025ರ ಮೇ 1ರಿಂದ 'ಜ್ಞಾನ ಪೋಸ್ಟ್' ಬಂತು. ಆಗ ಗೊತ್ತುಪಡಿಸಿದ ದರ 300 ಗ್ರಾಮಿನವರೆಗೆ 20 ರೂಪಾಯಿ, 5 ಕಿಲೋವರೆಗೆ 100 ರೂಪಾಯಿ, ತೆರಿಗೆ ಬೇರೆ. ನೆಲಮಾರ್ಗದಲ್ಲಿ ಬರುವುದರಿಂದ ಕೆಲವು ದಿನ ಕಾಯಬೇಕು. ಪುಸ್ತಕದಲ್ಲಿ ಪ್ರಕಾಶಕರ ಅಥವಾ ಮುದ್ರಕರ ಹೆಸರಿರಬೇಕು. ವಾಣಿಜ್ಯ ಜಾಹೀರಾತು ತುಂಬಿದ ಪ್ರಕಟಣೆಗೆ ಈ ಸವಲತ್ತಿಲ್ಲ. ಎಷ್ಟೋ ಮಾರಾಟಗಾರರು ಕೊರಿಯರನ್ನು ಮಾತ್ರ ತೋರಿಸಿ ಈ ದಾರಿಯನ್ನು ಹೇಳುವುದೇ ಇಲ್ಲ. ಅವಸರವಿಲ್ಲದ ಓದುಗನಿಗೆ ಆಯ್ಕೆ ಕೊಡುವುದು ನ್ಯಾಯ.

ಓದುಗರಾದ ನಾವು ಮಾಡಬೇಕಾದುದೂ ಇದೆ. 250 ಗ್ರಾಮಿನ ಒಂದು ಪುಸ್ತಕವನ್ನು ಒಬ್ಬರೇ ತರಿಸಿದರೆ ಅಂಚೆಗೆ 20 ರೂಪಾಯಿ. ಕಟ್ಟಿನ ತೂಕಕ್ಕೆ ಜಾಗ ಬಿಟ್ಟು ಅಂಥ 18 ಪುಸ್ತಕಗಳನ್ನು ಒಟ್ಟಿಗೆ ತರಿಸಿದರೆ ತಲಾ ಆರು ರೂಪಾಯಿಯೂ ಇಲ್ಲ. ಊರಿನ ವಾಚನಾಲಯ, ಶಾಲೆಯ ಗ್ರಂಥಾಲಯ, ಯುವಕ ಸಂಘ, ಯಾವುದಾದರೂ ಒಂದು ತಿಂಗಳಿಗೊಮ್ಮೆ ಪಟ್ಟಿ ಮಾಡಿದರೆ ಸಾಕು. ಕೆಲಸ ದೊಡ್ಡದಲ್ಲ, ಮನಸ್ಸು ಬೇಕು.

ಕನ್ನಡ ಮಾಧ್ಯಮದಲ್ಲಿ ಕಲಿಸುವ ನಮಗೆ ಇದು ಬರಿಯ ರೂಪಾಯಿಯ ಲೆಕ್ಕವಲ್ಲ. ಪಾಠಪುಸ್ತಕದಾಚೆಗೆ ಒಂದು ಕನ್ನಡ ಕತೆಪುಸ್ತಕ ಕೈಗೆ ಸಿಕ್ಕದ ಮಗು ಭಾಷೆಯನ್ನು ಪರೀಕ್ಷೆಗಷ್ಟೇ ಕಲಿಯುತ್ತದೆ. ಕರ್ನಾಟಕದ ಪ್ರಾಧಿಕಾರಗಳು ಗಡಿನಾಡಿನಲ್ಲಿ ಸಮಾರಂಭ ನಡೆಸುವುದು ಸಂತೋಷವೇ. ಅದರ ಜತೆಗೆ, ಇಲ್ಲಿಯ ಶಾಲೆಗಳು ತರಿಸುವ ಪುಸ್ತಕಗಳ ಅಂಚೆ ವೆಚ್ಚವನ್ನು ಅವು ಹೊತ್ತುಕೊಂಡರೆ, ವೇದಿಕೆ ಬಿಚ್ಚಿದ ಮೇಲೂ ಕನ್ನಡ ಉಳಿದೀತು.