ಕೋರಂ ಇಲ್ಲದ ಮಹಾಸಭೆ: ಸೊಸೈಟಿ ಯಾರದು, ಠರಾವು ಯಾರದು?



ಪ್ರತಿ ವರ್ಷ ನಮ್ಮ ಕೃಷಿ ಪತ್ತಿನ ಸಹಕಾರ ಸಂಘಗಳಿಂದ ವಾರ್ಷಿಕ ಮಹಾಸಭೆಯ ನೋಟೀಸು ಬರುತ್ತದೆ. ಮಾನ್ವಿ ಇರಲಿ, ದೇವದುರ್ಗ ಇರಲಿ, ರಾಯಚೂರಿನ ಪಕ್ಕದ ಹಳ್ಳಿಯೇ ಇರಲಿ, ಆ ನೋಟೀಸಿನ ಕೊನೇ ಸಾಲನ್ನು ಕಣ್ಣಿಟ್ಟು ಓದಿರಿ. ಅನೇಕ ಕಡೆ ಹೀಗೆ ಇರುತ್ತದೆ: ಕೋರಂ ಆಗದಿದ್ದರೆ ಸಭೆಯನ್ನು ಮುಂದೂಡಿ, ಅದೇ ದಿನ, ಅದೇ ಜಾಗದಲ್ಲಿ, ಅರ್ಧ ತಾಸಿನ ನಂತರ ನಡೆಸಲಾಗುವುದು, ಆಗ ಕೋರಂ ಬೇಕಿಲ್ಲ.

ಇದರ ಅರ್ಥ ಏನು? ಲಗ್ನದ ಕಾರ್ಡಿನಲ್ಲೇ "ನೀವು ಬರದಿದ್ರೂ ಊಟ ನಾವೇ ಮುಗಿಸ್ತೀವಿ" ಅಂತ ಅಚ್ಚು ಹಾಕಿಸಿದಂಗಾಯ್ತು!

ಕೋರಂ ಅಂದರೆ ವಕೀಲರ ಒಗಟಲ್ಲ. ಎಲ್ಲರ ಹೆಸರಿನಲ್ಲಿ ತೀರ್ಮಾನ ಮಾಡಬೇಕಾದರೆ ಕನಿಷ್ಠ ಇಷ್ಟು ಮಂದಿ ಎದುರಿಗೆ ಕೂತಿರಬೇಕು, ಅಷ್ಟೇ. ನಮ್ಮ ವಿಧಾನಸಭೆಯಲ್ಲಿ 224 ಮಂದಿ ಶಾಸಕರು. ಹತ್ತರಲ್ಲಿ ಒಂದು ಪಾಲು ಇಲ್ಲದೆ ಸದನ ನಡೆಯುವಂತಿಲ್ಲ ಅಂತ ಸಂವಿಧಾನವೇ ಹೇಳುತ್ತದೆ. ಗ್ರಾಮಸಭೆಗೂ ಮತದಾರರಲ್ಲಿ ಹತ್ತನೇ ಒಂದು ಪಾಲು ಅಥವಾ 100 ಮಂದಿ, ಯಾವುದು ಕಡಿಮೆಯೋ ಅಷ್ಟು ಬೇಕು. ರೈತ ಉತ್ಪಾದಕ ಕಂಪನಿಗೆ ಕಾಲು ಭಾಗ ಸದಸ್ಯರು ಬೇಕು. ಅಲ್ಲೆಲ್ಲ ತಲೆ ಎಣಿಸುತ್ತಾರೆ. ನಮ್ಮ ಸೊಸೈಟಿಯಲ್ಲಿ ಮಾತ್ರ ಗಡಿಯಾರ ನೋಡುತ್ತಾರೆ.

ಇದರಿಂದ ನಷ್ಟ ಯಾರಿಗೆ? ಜಮಾ ಖರ್ಚು, ಆಡಿಟ್ ವರದಿ, ಲಾಭದ ಹಂಚಿಕೆ, ಬೈಲಾ ತಿದ್ದುಪಡಿ, ಇವೆಲ್ಲ ಬರುವುದು ಮಹಾಸಭೆಯ ಮುಂದೆ. 2023ರ ಬಜೆಟ್ಟಿನಲ್ಲಿ ಸರಕಾರ ಬಡ್ಡಿ ಇಲ್ಲದ ಬೆಳೆಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು. ಒಳ್ಳೇದು. ಆದರೆ ಆ ಸಾಲ ಯಾರಿಗೆ ಸಿಕ್ಕಿತು, ಯಾರ ಅರ್ಜಿ ಮೂಲೆಗೆ ಬಿತ್ತು ಅಂತ ಎದ್ದು ನಿಂತು ಕೇಳುವ ಜಾಗ ಮಹಾಸಭೆ. ಅಲ್ಲಿ ಬಾಯಿ ಕಟ್ಟಿದರೆ ರೈತನಿಗೆ ಉಳಿಯುವುದು ಅಡತಿ ಅಂಗಡಿಯ ಕಟ್ಟೆ. ಅಲ್ಲಿ ಸಾಲ ತಂದವನ ಹತ್ತಿ ಬಿಡಿಸುವ ಮೊದಲೇ ಪರರ ಪಾಲು.

"ಜನ ಬರಾಂಗಿಲ್ರಿ, ಕೋರಂ ಅಂತ ಕೂತರೆ ಸಂಘದ ಕೆಲಸ ನಿಂತು ಹೋಗ್ತದ" ಅಂತಾರೆ. ಸರಿ, ಜನ ಯಾಕೆ ಬರುವುದಿಲ್ಲ? ಹತ್ತಿಗೆ ಎಣ್ಣೆ ಹೊಡೆಯುವ ಹೊತ್ತಿಗೆ, ಗದ್ದೆಗೆ ಕಾಲುವೆ ನೀರು ಕಾಯುವ ಹೊತ್ತಿಗೆ ಸಭೆ ಇಟ್ಟರೆ ಯಾರು ಬಂದಾರು? ಹೊಟ್ಟೆಪಾಡಿಗೆ ಬೆಂಗಳೂರಿಗೆ ಗುಳೆ ಹೋದ ಸಣ್ಣ ಹಿಡುವಳಿದಾರ ಅರ್ಧ ತಾಸಿನಲ್ಲಿ ಬಂದು ಕೂಡಲು ಅವನಿಗೇನು ರೆಕ್ಕೆ ಇದೆಯೇ? ದೊಡ್ಡ ಬಂಡವಾಳದ ಕಂಪನಿಗಳ ಕಾನೂನಿನಲ್ಲೂ ಕೋರಂ ಆಗದಿದ್ದರೆ ಸಭೆ ಸಾಮಾನ್ಯವಾಗಿ ಮುಂದಿನ ವಾರಕ್ಕೆ ಹೋಗುತ್ತದೆ. ಶೇರುಪೇಟೆಯವರಿಗೆ ಒಂದು ವಾರ, ಒಕ್ಕಲಿಗನಿಗೆ ಅರ್ಧ ತಾಸು! ಇದ್ಯಾವ ನ್ಯಾಯ?

ಇನ್ನೊಂದು ಅನ್ಯಾಯ ನೋಡಿರಿ. 2012ರಲ್ಲಿ ಜಾರಿಗೆ ಬಂದ ಸಂವಿಧಾನದ 97ನೇ ತಿದ್ದುಪಡಿಯ ಬೆನ್ನಿಗೆ, ಮಹಾಸಭೆಗಳಿಗೆ ಬಾರದ ಸದಸ್ಯನ ಮತದ ಹಕ್ಕು ಕಸಿಯುವ ನಿಯಮವನ್ನು ನಮ್ಮ ರಾಜ್ಯದ ಸಹಕಾರ ಕಾಯ್ದೆಗೂ ಸೇರಿಸಿದರು. ಚುನಾವಣೆ ಬಂದಾಗ ಹಕ್ಕು ಕಳಕೊಂಡ ಸದಸ್ಯರು ಹೈಕೋರ್ಟಿನ ತನಕ ಅಲೆದರು. 2021ರಲ್ಲಿ ಸುಪ್ರೀಂ ಕೋರ್ಟು ಆ ತಿದ್ದುಪಡಿಯ ಸಹಕಾರ ಭಾಗವನ್ನು ರಾಜ್ಯದ ಸಂಘಗಳ ಮಟ್ಟಿಗೆ ರದ್ದು ಮಾಡಿತು. ನಾವು ಕೇಳುವುದು ಇಷ್ಟೇ: ಸಭೆಗೆ ಬಾರದ ರೈತನಿಗೆ ಶಿಕ್ಷೆ ಹೇಳಿದವರು, ರೈತರಿಲ್ಲದೆ ಸಭೆ ಮಾಡಿ ಮುಗಿಸುವ ಆಡಳಿತ ಮಂಡಳಿಗೆ ಯಾವ ಶಿಕ್ಷೆ ಹೇಳಿದರು?

1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು ರೈತ ಸಾಹುಕಾರನ ಮನೆ ಬಾಗಿಲು ಕಾಯುವುದು ತಪ್ಪಲಿ ಅಂತ. ಸಂಘದ ಬಾಗಿಲಲ್ಲೇ ಹೊಸ ಸಾಹುಕಾರರು ಹುಟ್ಟಲಿ ಅಂತಲ್ಲ. ಈಗ ಬೇಲಿಯೇ ಎದ್ದು ಹೊಲ ಮೇಯುತ್ತಿದೆ.

ಬೈಲಾ ತಿದ್ದುವ ಅಧಿಕಾರ ಮಹಾಸಭೆಗೇ ಇದೆ. ತಿದ್ದಿದ್ದನ್ನು ಸಹಕಾರ ಇಲಾಖೆಯಲ್ಲಿ ನೋಂದಾಯಿಸಬೇಕು. ಆದ್ದರಿಂದ ಈ ಸಲ ಪ್ರತಿ ಸಂಘದಲ್ಲೂ ಈ ಠರಾವು ಮಂಡಿಸಿರಿ:

1. ಕೋರಂ ಆಗದ ಸಭೆ ಕನಿಷ್ಠ ಒಂದು ವಾರ ಮುಂದಕ್ಕೆ ಹೋಗಬೇಕು. ಹಳ್ಳಿ ಹಳ್ಳಿಯಲ್ಲಿ ಮತ್ತೆ ಡಂಗುರ ಹೊಡೆಸಬೇಕು.

2. ಮುಂದೂಡಿದ ಸಭೆಯಲ್ಲೂ ಕೋರಂ ಆಗದಿದ್ದರೆ ಲೆಕ್ಕ ಮಾತ್ರ ಓದಬೇಕು. ಬೈಲಾ ತಿದ್ದುವುದು, ಸಾಲ ವಜಾ ಮಾಡುವುದು, ಸಂಘದ ಆಸ್ತಿ ಮಾರುವುದು ಕೂಡದು.

3. ಠರಾವು ಪಾಸಾಗುವ ಹೊತ್ತಿಗೆ ತಲೆ ಎಣಿಸಬೇಕು. ಮನೆ ಮನೆಗೆ ಹೋಗಿ ಹಾಕಿಸಿಕೊಂಡ ಸಹಿ, ಹೆಬ್ಬೆಟ್ಟು ಲೆಕ್ಕಕ್ಕಿಲ್ಲ.

4. ಸಭೆಯ ದಿನವನ್ನು ಒಕ್ಕಲುತನದ ಕೆಲಸ ಮತ್ತು ಸಂತೆ ನೋಡಿ ಇಡಬೇಕು.

ಆದರೆ ಒಂದು ಮಾತು, ಅಣ್ಣಂದಿರೇ, ಅಕ್ಕಂದಿರೇ. ಈ ಠರಾವು ಪಾಸಾಗಲಿಕ್ಕೂ ಮಂದಿ ಬೇಕು. ಸಭೆಯ ದಿನ ಒಂದು ಹೊತ್ತಿನ ಕೆಲಸ ಬಿಟ್ಟು ಬನ್ನಿರಿ, ಬಗಲ ಮನೆಯವರನ್ನೂ ಕರಕೊಂಡು ಬನ್ನಿರಿ. ಸಹಿ ಹಾಕಿ ಚಹಾ ಕುಡಿದು ಎದ್ದು ಬರಬೇಡಿರಿ. ಕೊನೇ ಠರಾವು ಮುಗಿಯುವ ತನಕ ಅಲ್ಲೇ ಕೂಡಿರಿ.